ಹಾರಿ ಬಂದವರಿಗೆ ಹಾರ



ಬೊಮ್ಮಸಂದ್ರದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವು ಇಪ್ಪತ್ತು ಮೂವತ್ತು ಜನ ಸೇರಿ ವಚನಗೋಷ್ಠಿ ನಡೆಸುತ್ತೇವೆ. ಬರುವವರಲ್ಲಿ ಹೆಚ್ಚಿನವರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಉತ್ತರ ಕರ್ನಾಟಕದ ಹುಡುಗರು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಕಡೆಯವರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವವರೂ ಇದ್ದಾರೆ. ಕಳೆದ ತಿಂಗಳು ಮಹೇಶಸ್ಥಲದ ಮೇಲೆ ಮಾತು ನಡೆದಿತ್ತು. ಷಟ್‌ಸ್ಥಲದಲ್ಲಿ ಎರಡನೆಯದಾದ ಈ ಸ್ಥಲದ ಲಕ್ಷಣ ನಿಷ್ಠೆ ಎಂದು ನಾನು ವಿವರಿಸುತ್ತಿದ್ದಾಗ, ಅಥಣಿ ತಾಲ್ಲೂಕಿನ ಒಬ್ಬ ಹುಡುಗ ಎದ್ದು ನಿಂತ.

"ಶರಣ್ರಿ, ನಾ 2018ರಾಗ ಮೊದಲನೇ ಓಟ ಕೈಗೆ ಹಾಕಿದ್ನಿರಿ. ವರ್ಷ ತುಂಬಿ ಎರಡ ತಿಂಗಳಿಗೆ ಆ ಓಟ ಹೂವಿಗೆ ಹೋತು. ಮತ್ತ 2023ರಾಗ ಹೂವಿನ್ಯಾಂವ ಕೈ ಹಿಡಕೊಂಡು ಬಂದ. ಪ್ರತಿ ಸಲ ಎರಡ ದಿನದ ಪಗಾರ ಬಿಟ್ಟ, ರಾತ್ರಿ ಬಸ್ಸಿಗೆ ನಿಂತ ಹೋಗಿ ಬಂದೇನಿ. ನಿಷ್ಠೆ ನನಗಷ್ಟ ಏನ್ರಿ?"

ಗೋಷ್ಠಿಯಲ್ಲಿ ನಗು ಎದ್ದಿತು. ಆ ಹುಡುಗ ಮಾತ್ರ ನಗಲಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಈ ಸಂಚಿಕೆಯ ಸಂಪಾದಕೀಯ ಅವನಿಗೆ ನಾನು ಕೊಡಬೇಕಿದ್ದ ಉತ್ತರ.

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. 2018ರಲ್ಲಿ ಅಥಣಿಯಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಟಳ್ಳಿಯವರು ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. 2019ರ ಜುಲೈನಲ್ಲಿ ಮುಂಬೈ ಹೋಟೆಲು ಸೇರಿದ ಶಾಸಕರಲ್ಲಿ ಕುಮಟಳ್ಳಿಯವರೂ ಇದ್ದರು. ಜುಲೈ 23ರಂದು ಸಮ್ಮಿಶ್ರ ಸರ್ಕಾರ 99ಕ್ಕೆ ಎದುರಾಗಿ 105 ಮತಗಳಿಂದ ಬಿತ್ತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅದೇ ಕುಮಟಳ್ಳಿಯವರು ಕಮಲದ ಗುರುತಿನಲ್ಲಿ ಗೆದ್ದರು. 2023ರಲ್ಲಿ ಅವರಿಗೇ ಟಿಕೆಟ್ ಕೊಡಬೇಕಾಗಿ ಬಂದದ್ದರಿಂದ, ನಡುವೆ ಉಪಮುಖ್ಯಮಂತ್ರಿಯೂ ಆಗಿದ್ದ ಸವದಿಯವರಿಗೆ ಟಿಕೆಟ್ ಇಲ್ಲವಾಯಿತು. ಅವರು ಕಾಂಗ್ರೆಸ್ಸಿಗೆ ಬಂದು, ಎಪ್ಪತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಐದು ವರ್ಷದಲ್ಲಿ ಆ ಇಬ್ಬರೇ ಎದುರಾಳಿಗಳು ಬಾವುಟ ಅದಲುಬದಲು ಮಾಡಿಕೊಂಡು ನಿಂತರು. ಮುರುಘೇಂದ್ರ ಶಿವಯೋಗಿಗಳು ನಡೆದಾಡಿದ ಊರಿನ ಜನ, ಯಾವ ಪಕ್ಷಕ್ಕೆ ಓಟು ಹಾಕಿದೆವು ಎಂಬ ಪ್ರಶ್ನೆಯನ್ನೇ ಬಿಟ್ಟು, ಯಾವ ಮನುಷ್ಯನಿಗೆ ಹಾಕಿದೆವು ಎಂದಷ್ಟೇ ಕೇಳಿಕೊಳ್ಳಬೇಕಾಯಿತು.

ಅಥಣಿ ಒಂದೇ ಆಗಿದ್ದರೆ ಇದನ್ನು ಆ ಊರಿನ ವಿಶೇಷ ಎನ್ನಬಹುದಿತ್ತು. ಪಕ್ಕದ ಕಾಗವಾಡದಲ್ಲಿ 2018ರಲ್ಲಿ ಶ್ರೀಮಂತ ಪಾಟೀಲರಿಗೆ ಸೋತ ಬಿಜೆಪಿಯ ರಾಜು ಕಾಗೆಯವರು 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲರಿಗೆ ಸೋತಿದ್ದ ಬಿಜೆಪಿಯ ಯು.ಬಿ. ಬಣಕಾರರದೂ ಅದೇ ಕಥೆ. ಮಸ್ಕಿಯಲ್ಲಿ ಬಸನಗೌಡ ತುರ್ವಿಹಾಳರು 2018ರಲ್ಲಿ ಬಿಜೆಪಿಯಿಂದ ನಿಂತು ಕೇವಲ 213 ಮತಗಳಿಂದ ಪ್ರತಾಪಗೌಡ ಪಾಟೀಲರಿಗೆ ಸೋತಿದ್ದರು. ಗೆದ್ದವರೇ ಬಿಜೆಪಿಗೆ ಬಂದಾಗ ಸೋತವರು ಕಾಂಗ್ರೆಸ್ಸಿಗೆ ಹೋದರು, 2021ರ ಉಪಚುನಾವಣೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇನ್ನು ನಮ್ಮ ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸಕೋಟೆ: ಎಂ.ಟಿ.ಬಿ. ನಾಗರಾಜ್ ಅವರಿಗೆ ಜಾಗ ಬಿಡಬೇಕಾದ ಶರತ್ ಬಚ್ಚೇಗೌಡರು 2019ರಲ್ಲಿ ಪಕ್ಷೇತರರಾಗಿ ಗೆದ್ದು, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. ಐದೂ ಕಡೆ ನಡೆದದ್ದು ಒಂದೇ. ಹೊಸಬರಿಗೆ ಹಾಸಿಗೆ ಹಾಸಲು ಮನೆಯವರನ್ನು ಜಗಲಿಗೆ ಕಳಿಸಿದರು. ಜಗಲಿಯಲ್ಲಿದ್ದವರು ಎದುರು ಮನೆ ಸೇರಿದರು.

ಬಂದವರಿಂದ ಆ ಪಕ್ಷಕ್ಕೆ ಸಿಕ್ಕಿದ್ದೇನು? ಉಪಚುನಾವಣೆ ನಡೆದ ಹದಿನೈದರಲ್ಲಿ ಹನ್ನೆರಡು ಸ್ಥಾನ, ಮೂರೂವರೆ ವರ್ಷದ ಅಧಿಕಾರ. 2018ರಲ್ಲಿ 104 ಸ್ಥಾನ ಇದ್ದದ್ದು 2023ರಲ್ಲಿ 66ಕ್ಕೆ ಇಳಿಯಿತು. ಈ ಇಳಿತಕ್ಕೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಹತ್ತಾರು ವರ್ಷ ಬಾವುಟ ಹೊತ್ತ ಕಾರ್ಯಕರ್ತ, ನಿನ್ನೆಯವರೆಗೆ ತನ್ನ ಮೇಲೆ ಕೇಸು ಹಾಕಿಸುತ್ತಿದ್ದವನಿಗೆ ಇಂದು ಜೈಕಾರ ಕೂಗಬೇಕಾದಾಗ ಅವನ ಗಂಟಲಲ್ಲಿ ಏನು ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಬಂದವರು ಉಳಿಯುತ್ತಾರೆ ಎಂಬ ಖಾತ್ರಿಯೂ ಇಲ್ಲ. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿ ಐವರು ಪಕ್ಷೇತರರನ್ನು ಮಂತ್ರಿ ಮಾಡಿತು, ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿತು. 'ಆಪರೇಷನ್ ಕಮಲ' ಎಂಬ ಮಾತು ಹುಟ್ಟಿದ್ದು ಆಗಲೇ. ಹಾಗೆ ಜೆಡಿಎಸ್ಸಿನಿಂದ ಬಂದು ಮಂತ್ರಿಯಾದ ಬಾಲಚಂದ್ರ ಜಾರಕಿಹೊಳಿಯವರೇ 2010ರ ಅಕ್ಟೋಬರಿನಲ್ಲಿ ಬಂಡೆದ್ದ ಶಾಸಕರ ಮುಂಚೂಣಿಯಲ್ಲಿ ನಿಂತರು. ಒಮ್ಮೆ ಹೊಸ್ತಿಲು ದಾಟಲು ಕಲಿತ ಕಾಲಿಗೆ ಎರಡನೆಯ ಸಲ ಅಳುಕು ಇರುವುದಿಲ್ಲ. 2019ರಲ್ಲಿ ಬಂದ ಯಶವಂತಪುರದ ಎಸ್.ಟಿ. ಸೋಮಶೇಖರ್ 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಯಲ್ಲಾಪುರದ ಶಿವರಾಮ ಹೆಬ್ಬಾರರು ಮತ ಹಾಕಲು ಹೋಗಲೇ ಇಲ್ಲ. 2025ರ ಮೇ ತಿಂಗಳಲ್ಲಿ ಪಕ್ಷ ಇಬ್ಬರನ್ನೂ ಆರು ವರ್ಷಕ್ಕೆ ಹೊರಹಾಕಿತು.

ಇಷ್ಟು ಓದಿದ ಕೆಲವರು ನನ್ನನ್ನು ಕಾಂಗ್ರೆಸ್ಸಿನವನು ಎಂದುಕೊಳ್ಳಬಹುದು. ಸ್ವಲ್ಪ ತಾಳಿ. 2023ರ ಏಪ್ರಿಲ್ 17ರಂದು ಜಗದೀಶ ಶೆಟ್ಟರರನ್ನು ಕಾಂಗ್ರೆಸ್ ಎಷ್ಟು ಸಂಭ್ರಮದಿಂದ ಬರಮಾಡಿಕೊಂಡಿತು ನೆನಪಿದೆಯೇ? ಲಿಂಗಾಯತರ ಓಟೇ ಮೂಟೆ ಕಟ್ಟಿಕೊಂಡು ಬಂದಿತು ಎಂಬಂತೆ. ಮಾಜಿ ಮುಖ್ಯಮಂತ್ರಿಗಳಾದ ಅವರು ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಸೋತವರನ್ನು ಪಕ್ಷ ವಿಧಾನ ಪರಿಷತ್ತಿಗೆ ಕಳಿಸಿತು. ಒಂಬತ್ತು ತಿಂಗಳು ಕಳೆದು, 2024ರ ಜನವರಿ 25ರಂದು ಅವರು ಹಳೆಯ ಮನೆಗೆ ಮರಳಿದರು. ಈಗ ಬೆಳಗಾವಿಯ ಸಂಸದರು. ಈ ಪ್ರಸಂಗದಿಂದ ನಾವು ಒಂದು ವಿಷಯದಲ್ಲಿ ಸಂತೋಷಪಡಬೇಕು. ಹುಬ್ಬಳ್ಳಿಯ ಲಿಂಗಾಯತರು ತಮ್ಮ ಓಟು ಯಾರ ಮೂಟೆಯೂ ಅಲ್ಲ ಎಂದು ತೋರಿಸಿಕೊಟ್ಟರು.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಮೂರನೇ ಒಂದು ಭಾಗ ಒಡೆದು ಹೋದರೆ ತಪ್ಪಲ್ಲ ಎಂಬ ಕಿಂಡಿಯನ್ನು 2003ರಲ್ಲಿ ಮುಚ್ಚಿದರು. ಆಗ ಕರ್ನಾಟಕವೇ ಹೊಸ ಕಿಂಡಿ ಕಂಡುಹಿಡಿಯಿತು: ಪಕ್ಷ ಬಿಡುವುದು ಬೇಡ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಡುವುದು, ಹೊಸ ಗುರುತಿನಲ್ಲಿ ಮತ್ತೆ ನಿಲ್ಲುವುದು. 2019ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹದಿನೇಳು ಮಂದಿಯ ಅನರ್ಹತೆಯನ್ನು ಎತ್ತಿಹಿಡಿಯಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ತಪ್ಪುವುದಿಲ್ಲ ಎಂದಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಬಾರದೆಂಬ ಸ್ಪೀಕರ್ ಆದೇಶದ ಭಾಗವನ್ನು ತೆಗೆದುಹಾಕಿತು. ಮೂರು ವಾರಕ್ಕೆ ಉಪಚುನಾವಣೆ, ಎರಡು ತಿಂಗಳಿಗೆ ಹತ್ತು ಮಂದಿಗೆ ಮಂತ್ರಿಗಿರಿ. ಕಾನೂನು ಕಚ್ಚಿದ್ದು ಎಚ್. ವಿಶ್ವನಾಥ್ ಅವರನ್ನು ಮಾತ್ರ. ಹುಣಸೂರಿನಲ್ಲಿ ಸೋತು ಪರಿಷತ್ತಿಗೆ ನಾಮಕರಣಗೊಂಡ ಅವರು ಮಂತ್ರಿಯಾಗಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

ಈ ವಿಷಯದಲ್ಲಿ ನಮ್ಮ ಸಮುದಾಯದ ನೆನಪು ಬಹಳ ಚಿಕ್ಕದು ಎಂದು ನನಗೆ ಬೇಸರ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಬಿದ್ದದ್ದು ಯಾವುದರಿಂದ? ಜನತಾದಳದ ಶಾಸಕ ಕೆ.ಆರ್. ಮೊಳಕೇರಿಯವರು ಹತ್ತೊಂಬತ್ತು ಶಾಸಕರ ಸಹಿಯಿದ್ದ ಪತ್ರಗಳನ್ನು ರಾಜ್ಯಪಾಲರ ಕೈಗಿಟ್ಟದ್ದರಿಂದ. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಪಡೆದರು, ನಾವು ಸರ್ಕಾರದ ಜೊತೆಗಿದ್ದೇವೆ ಎಂದು ಕೆಲವೇ ದಿನಗಳಲ್ಲಿ ತಿಳಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿ. ಕೇಳುವವರಿರಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಅವರು ಸುಮ್ಮನಿರಲಿಲ್ಲ, ಐದು ವರ್ಷ ನ್ಯಾಯಾಲಯದಲ್ಲಿ ಹೋರಾಡಿದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಪರೀಕ್ಷೆಯಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ತೀರ್ಪಿತ್ತಿತು. ಅವರಿಗೆ ಕುರ್ಚಿ ಮರಳಲಿಲ್ಲ. ಆದರೆ ಇಂದು ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಮೊದಲು ಎತ್ತುವ ಹೆಸರು ಬೊಮ್ಮಾಯಿ. ಮೂವತ್ತೆರಡು ವರ್ಷದ ನಂತರ ಅವರ ಮಗ ಮುಖ್ಯಮಂತ್ರಿಯಾದದ್ದು ಪಕ್ಷಾಂತರಿಗಳ ಬಲದಿಂದ ನಿಂತ ಸರ್ಕಾರಕ್ಕೆ. ಬಸವರಾಜ ಬೊಮ್ಮಾಯಿಯವರನ್ನು ಹಂಗಿಸಲು ಈ ಮಾತು ಹೇಳುತ್ತಿಲ್ಲ. ನಮ್ಮ ಸಭೆಗಳಲ್ಲಿ ಯಾವ ಬೊಮ್ಮಾಯಿಯವರ ಭಾವಚಿತ್ರ ಹೆಚ್ಚು ಕಂಡಿದೆ ಎಂದು ಯೋಚಿಸಿ.

ಒಂದು ಆಕ್ಷೇಪಣೆ ಇದೆ, ಗೋಷ್ಠಿಯಲ್ಲೇ ಬಂದದ್ದು. ಹಿರಿಯರೊಬ್ಬರು ಕೇಳಿದರು: ಬಸವಣ್ಣನವರೂ ಹುಟ್ಟಿದ ಮತ ಬಿಟ್ಟು ಬಂದವರಲ್ಲವೇ? ಮಧುವರಸರು ಪಕ್ಷ ಬದಲಿಸಲಿಲ್ಲವೇ? ಬದಲಾವಣೆಯೇ ತಪ್ಪೆಂದರೆ ನಮ್ಮ ಧರ್ಮಕ್ಕೆ ಬುಡವೇ ಇಲ್ಲವಲ್ಲ? ಪ್ರಶ್ನೆ ನ್ಯಾಯವಾದದ್ದು. ಮನಸ್ಸು ಬದಲಾಯಿಸುವ ಹಕ್ಕನ್ನು ಶರಣರು ಎಂದೂ ಕಿತ್ತುಕೊಂಡಿಲ್ಲ. ಆದರೆ ಲೆಕ್ಕ ನೋಡಿ. ಬಸವಣ್ಣನವರು ಜನಿವಾರದ ಜೊತೆಗೆ ಮನೆಯನ್ನೂ ಬಿಟ್ಟರು, ಕೊನೆಗೆ ಬಿಜ್ಜಳನ ಭಂಡಾರವನ್ನೂ ಕಲ್ಯಾಣವನ್ನೂ ಬಿಟ್ಟರು. ಮಧುವರಸರು ಹರಳಯ್ಯನವರ ಬೀಗರಾಗಿ ಎಳೆಹೂಟೆಯ ಶಿಕ್ಷೆ ಅನುಭವಿಸಿದರು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆ ತೊರೆದು ಕಲ್ಯಾಣದಲ್ಲಿ ಕಟ್ಟಿಗೆ ಹೊತ್ತು ಮಾರಿದರೆಂದು ಪರಂಪರೆ ಹೇಳುತ್ತದೆ. ಇವರೆಲ್ಲ ದಾಟಿ ಬಂದಾಗ ಕೈಯಲ್ಲಿದ್ದದ್ದು ಹೋಯಿತು. ವಿಧಾನಸೌಧದಲ್ಲಿ ದಾಟುವವರಿಗೆ ಕೈಗೆ ಬರುತ್ತದೆ. ತತ್ವಕ್ಕಾಗಿ ಬಂದೆ ಎನ್ನುವವರನ್ನು ನಾವು ಕೇಳಬೇಕಾದದ್ದು ಇಷ್ಟೇ: ಬರುವಾಗ ಏನು ಕಳೆದುಕೊಂಡಿರಿ?

ಈಗ ಬರೆಯಲು ಅಳುಕುವ ಮಾತು. ಈ ಪತ್ರಿಕೆ ಮಠಗಳ ಮೂಲಕವೇ ನಿಮ್ಮ ಕೈ ಸೇರುತ್ತದೆ. ಮಠದ ಅನ್ನ ಉಂಡೇ ನಾನು ಓದಿದವನು. ಆದರೂ ಹೇಳಲೇಬೇಕು. ಪಕ್ಷ ಬಿಟ್ಟವರು ಮೊದಲು ಬರುವುದು ಮಠಕ್ಕೆ. ಪಾದಕ್ಕೆರಗಿದ ಫೋಟೊ ಮರುದಿನದ ಪತ್ರಿಕೆಯಲ್ಲಿ ಬಂದರೆ, ಸ್ವಾಮಿಗಳು ಏನೂ ಮಾತಾಡದಿದ್ದರೂ ಆಶೀರ್ವಾದ ಸಿಕ್ಕಂತೆಯೇ. 2020ರ ಜನವರಿಯಲ್ಲಿ ಹರಿಹರದ ಪಂಚಮಸಾಲಿ ಪೀಠದ ವೇದಿಕೆಯಲ್ಲಿ ವಚನಾನಂದ ಸ್ವಾಮಿಗಳು ಮುಖ್ಯಮಂತ್ರಿಯ ಎದುರೇ ಒಬ್ಬ ಶಾಸಕರಿಗೆ ಮಂತ್ರಿಗಿರಿ ಕೇಳಿದರು. ಯಡಿಯೂರಪ್ಪನವರು ಸಿಟ್ಟಾಗಿ ಎದ್ದುಬಿಟ್ಟರು. ಖಾಲಿ ಇದ್ದ ಕುರ್ಚಿಗಳು ಹಾರಿ ಬಂದವರಿಗೆ ಮಾತು ಕೊಟ್ಟ ಕುರ್ಚಿಗಳು. ಅವುಗಳಲ್ಲಿ ಒಂದಕ್ಕೆ ಮಠವೂ ಸಾಲಿನಲ್ಲಿ ನಿಂತಂತಾಯಿತು. 2021ರ ಜುಲೈ 25ರಂದು ಅರಮನೆ ಮೈದಾನದಲ್ಲಿ ನಾಡಿನ ಸ್ವಾಮಿಗಳು ಸೇರಿ ಯಡಿಯೂರಪ್ಪನವರೇ ಮುಂದುವರಿಯಲಿ ಎಂದರು. ಮರುದಿನ ಅವರ ರಾಜೀನಾಮೆ ಆಯಿತು. ಕಾವಿಯ ಮಾತನ್ನು ದೆಹಲಿ ಎಷ್ಟಕ್ಕೆ ಕೊಂಡಿತು ಎಂಬುದು ಒಂದು ರಾತ್ರಿಯಲ್ಲಿ ತಿಳಿದುಹೋಯಿತು. ಪೂಜ್ಯರು ಕ್ಷಮಿಸಬೇಕು, ಆ ದಿನ ಬೊಮ್ಮಸಂದ್ರದ ನಮ್ಮ ಹುಡುಗರ ಮುಖ ನೋಡಲು ನನಗೆ ನಾಚಿಕೆಯಾಗಿತ್ತು.

ಮಠದ ಬಾಗಿಲು ಯಾರಿಗೂ ಮುಚ್ಚುವಂತಿಲ್ಲ, ಪಕ್ಷಾಂತರಿಗೂ. ಬರಲಿ, ಪಂಕ್ತಿಯಲ್ಲಿ ಕುಳಿತು ಪ್ರಸಾದ ತೆಗೆದುಕೊಳ್ಳಲಿ. ಆದರೆ ಹೊಸ ಬಾವುಟದ ಕೆಳಗೆ ಅವರು ಮತ್ತೆ ಜನರ ಮುಂದೆ ನಿಂತು ಗೆಲ್ಲುವವರೆಗಾದರೂ ವೇದಿಕೆ ಬೇಡ, ಶಾಲು ಬೇಡ, ಆ ಫೋಟೊ ಬೇಡ. ಅವರಿಗಾಗಿ ಮಂತ್ರಿಗಿರಿ ಕೇಳುವುದಂತೂ ಯಾವತ್ತೂ ಬೇಡ.

ಇಷ್ಟು ಹೇಳಲು ನನಗೆ ಬಾಯಿದೆಯೇ? ಹಿಂದೊಮ್ಮೆ ಬಸವ ಜಯಂತಿಗೆ ನಮ್ಮ ಸಮಿತಿಯೇ ಇಲ್ಲಿನ ಒಬ್ಬ ಮುಖಂಡರನ್ನು ಕರೆದು ಹಾರ ಹಾಕಿತ್ತು. ಅವರು ಪಕ್ಷ ಬಿಟ್ಟು ವಾರ ಕಳೆದಿರಲಿಲ್ಲ. ಪೆಂಡಾಲು, ಮೈಕು, ಊಟದ ಖರ್ಚು ಅವರದು. ಶರಣರ ಬಗ್ಗೆ ಎರಡು ನಿಮಿಷ, ಹೊಸ ಪಕ್ಷದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಸ್ವಾಗತ ಭಾಷಣ ಮಾಡಿದವನು ನಾನೇ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ಕಾಣದಿದ್ದರೂ, ಆ ಆಸೆಯಿಂದ ಪೆಂಡಾಲು ಹಾಕಿಸಿಕೊಡುವವರಿಗೆ ಇಲ್ಲಿ ಬರವಿಲ್ಲ. ಈ ಸಲವೂ ಒಬ್ಬರು ಹೇಳಿಕಳಿಸಿದ್ದರು.

ಹೋದ ಭಾನುವಾರ ಸಮಿತಿ ಸೇರಿ ಅವರಿಗೆ ಬೇಡವೆಂದು ತಿಳಿಸಿದೆವು. ತಲಾ ಇನ್ನೂರು ರೂಪಾಯಿ ಎಂದು ಗೊತ್ತಾಗಿದೆ. ಪೆಂಡಾಲು ಚಿಕ್ಕದಾಗುತ್ತದೆ, ಊಟಕ್ಕೆ ಹುಗ್ಗಿ ಇರುವುದಿಲ್ಲ, ಅನ್ನ ಸಾರು ಮಾತ್ರ. ಪಟ್ಟಿಯಲ್ಲಿ ಮೊದಲ ಹೆಸರು ಅಥಣಿಯ ಆ ಹುಡುಗನದು.