ಕೂಗಿ ಬದುಕುವವರ ಕುತ್ತಿಗೆ

ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷದಿಂದ ಸಂತೆಯಲ್ಲಿ ತರಕಾರಿ ಮಾರುವವಳು. ಅವಳು ಒಂದು ಸಲ "ಬದನೇಕಾಯ್, ಹೀರೇಕಾಯ್" ಅಂತ ಕೂಗಿದರೆ ಬಸ್ಸಿಂದ ಇಳಿಯುವವರಿಗೂ ಕೇಳಿಸುತ್ತಿತ್ತು. ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಥೈರಾಯ್ಡ್ ಅಂದರು, ಆಪರೇಷನ್ ಅಂದರು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಗಡ್ಡೆ ಹೋಯಿತು, ಗಂಟಲೂ ಹೋಯಿತು. ಈಗ ಬಾಯಿ ತೆಗೆದರೆ ಬರೀ ಗಾಳಿ. ಗಿರಾಕಿ ಕರೆಯೋಕೆ ತಕ್ಕಡಿ ತಟ್ಟೆಗೆ ತೂಕದ ಕಲ್ಲು ಬಡೀತಾಳೆ.

ಆಸ್ಪತ್ರೆ ಯಾವುದು ಅಂತ ಬರೆಯೋಲ್ಲ. ಕೇಳಿದ್ದಕ್ಕೆ "ಒಬ್ಬೊಬ್ಬರಿಗೆ ಹಾಗಾಗುತ್ತೆ" ಅಂದರು. ಆಗುತ್ತೆ, ಸುಳ್ಳಲ್ಲ. ಹೆಬ್ಬೆಟ್ಟು ಒತ್ತಿಸೋ ಮುಂಚೆ ಯಾಕೆ ಹೇಳಲಿಲ್ಲ ಸ್ವಾಮಿ? ನನ್ನ ತಕರಾರು ಅಷ್ಟೆ.

ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಆದರೂ ಡಾಕ್ಟರುಗಳನ್ನು ಕಾಡಿ ತಿಳಿದುಕೊಂಡೆ. ಧ್ವನಿಪೆಟ್ಟಿಗೆಯ ನರ ನೇರ ಗಂಟಲಿಗೆ ಬರೋದಿಲ್ಲ. ಎಡಗಡೆಯದು ಎದೆಗೆ ಇಳಿದು ಮಹಾಪಧಮನಿಯನ್ನು ಸುತ್ತಿ, ಬಲಗಡೆಯದು ಕತ್ತಿನ ಬುಡದಲ್ಲಿ ತೋಳಿಗೆ ಹೋಗುವ ರಕ್ತನಾಳವನ್ನು ಸುತ್ತಿ, ಮತ್ತೆ ಮೇಲೆ ಹತ್ತುತ್ತವೆ. ನಮ್ಮೂರ ಬಸ್ಸು ಸ್ಟಾಪು ದಾಟಿ ಹೋಗಿ ತಿರುಗಿಸಿಕೊಂಡು ಬರುವ ಹಾಗೆ. ಹತ್ತುವ ದಾರಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಅಂಟಿಕೊಂಡಿದೆ. ನರ ದಾರದಷ್ಟು ಸಣ್ಣದು. ಕತ್ತರಿಸಲೇ ಬೇಕೆಂದಿಲ್ಲ, ಎಳೆದರೂ ಬಿಸಿ ತಾಗಿದರೂ ಸಾಕು, ಮುನಿಸಿಕೊಳ್ಳುತ್ತದೆ. ಒಂದು ಕಡೆಯದು ಕೆಟ್ಟರೆ ಧ್ವನಿ ಒಡೆಯುತ್ತದೆ. ಎರಡೂ ಕೆಟ್ಟರೆ ಉಸಿರಿಗೇ ಸಂಚಕಾರ, ಕತ್ತಿಗೆ ತೂತು ಮಾಡಿ ಕೊಳವೆ ಇಡಬೇಕಾದೀತು. ಇದೇನು ಹೊಸ ಸುದ್ದಿಯಲ್ಲ. ಸಾವಿರದ ಎಂಟುನೂರು ವರ್ಷಕ್ಕೂ ಹಿಂದೆ ರೋಮಿನ ವೈದ್ಯ ಗ್ಯಾಲನ್ ಕಿರುಚುತ್ತಿದ್ದ ಹಂದಿಯ ಈ ನರ ಕತ್ತರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ಕಿರುಚಾಟ ಮಾತ್ರ ನಿಂತಿತು.

ಈಗ ಇದನ್ನು ಕಾಯಲು ಒಂದು ಯಂತ್ರವಿದೆ. ಅರಿವಳಿಕೆ ಕೊಟ್ಟು ಉಸಿರಿಗೆಂದು ಇಳಿಸುವ ಕೊಳವೆಯಲ್ಲೇ, ಧ್ವನಿತಂತುಗಳಿಗೆ ತಾಗುವಂತೆ ತಂತಿ ಕೂರಿಸಿರುತ್ತಾರೆ. ಸರ್ಜನ್ ಸಣ್ಣ ಕಡ್ಡಿಯಿಂದ 1 ಮಿಲಿಆಂಪಿಯರ್ ಆಸುಪಾಸಿನ ಕರೆಂಟು ಮುಟ್ಟಿಸುತ್ತಾರೆ. ನರ ಸರಿಯಿದ್ದರೆ ತಂತು ಮಿಡಿದು ಯಂತ್ರ ಸದ್ದು ಮಾಡುತ್ತದೆ, ಪರದೆಯಲ್ಲಿ ಅಲೆ ಏಳುತ್ತದೆ. ಒಂದು ಕಡೆ ಮುಗಿಸುವಾಗ ಸದ್ದು ನಿಂತಿತೋ, ಇನ್ನೊಂದು ಕಡೆ ಕೈ ಹಾಕದೆ ಆಪರೇಷನ್ ನಿಲ್ಲಿಸಿ ಮುಂದೊಂದು ದಿನಕ್ಕೆ ಇಡಬಹುದು. ನನ್ನ ಮಟ್ಟಿಗೆ ಯಂತ್ರದ ದೊಡ್ಡ ಉಪಕಾರ ಇದೇ.

ಹಾಗಂತ ಅದು ತಾಯಿತವಲ್ಲ. ಕೊಳವೆ ಒಂಚೂರು ಜರುಗಿದರೆ, ಸ್ನಾಯು ಸಡಿಲಿಸುವ ಮದ್ದು ಹೆಚ್ಚಾದರೆ ಯಂತ್ರ ಸುಳ್ಳು ಹೇಳುತ್ತದೆ. ಕಾಯಂ ಹಾನಿ ಇದರಿಂದ ಎಷ್ಟು ತಪ್ಪುತ್ತದೆ ಅನ್ನೋದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ನರವನ್ನು ಕಣ್ಣಾರೆ ಹುಡುಕಿ ತೋರಿಸಿಕೊಂಡು ಕೊಯ್ಯುವುದೇ ಮೊದಲ ರಕ್ಷೆ. ಬಾಸ್ಟನ್ನಿನ ಫ್ರಾಂಕ್ ಲೇಹಿ 1938ರಲ್ಲೇ ಇದನ್ನು ಬರೆದಿದ್ದರು. ಯಂತ್ರವಿಲ್ಲದ ಊರಲ್ಲೂ ಪಳಗಿದ ಕೈ ಇದ್ದೀತು.

ಆದ್ದರಿಂದ ಯಂತ್ರ ಇದೆಯೋ ಇಲ್ಲವೋ ಅಂತ ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡ್ತೀರಿ ಅಂತ ಕೇಳಿ. ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಗಂಟಲೊಳಗೆ ಕೊಳವೆ ಬಿಟ್ಟು ಧ್ವನಿತಂತು ನೋಡ್ತೀರಾ ಅಂತ ಕೇಳಿ. ಹತ್ತು ರೂಪಾಯಿ ನೋಟನ್ನೂ ಬೆಳಕಿಗೆ ಹಿಡಿದು ನೋಡುವ ನಮ್ಮ ಅಂಗಡಿಯವರು ಬಿಳಿ ಕೋಟಿನ ಮುಂದೆ ಮಾತ್ರ ಬಾಯಿ ಬಿಡೋಲ್ಲ. ಕಂಡಕ್ಟರು, ಮೇಷ್ಟ್ರು, ಹರಾಜು ಕೂಗುವವರು, ಇವರಿಗೆಲ್ಲ ಗಂಟಲೇ ಬಂಡವಾಳ. ಕೆಲಸ ಏನು ಅಂತ ಡಾಕ್ಟರು ಕೇಳದಿದ್ದರೆ ನೀವೇ ಹೇಳಿ.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಬರೀ ಪೆಟ್ಟು ತಿಂದ ನರ ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲಿ ಚೇತರಿಸುತ್ತದೆ. ಚೇತರಿಸದಿದ್ದರೂ ಧ್ವನಿಯ ತರಬೇತಿ ಇದೆ, ತಂತುವನ್ನು ನಡುವಿಗೆ ಸರಿಸುವ ಚಿಕಿತ್ಸೆಯೂ ಇದೆ. ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ, ಒಂದು ವರ್ಷ ಹಾಗೇ ಕಳೆದಳು.

ಮುಂದಿನ ವಾರ ಗಂಟಲಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ ಅಂದೆ. ಕಿವಿ ಹತ್ತಿರ ಬಾಯಿಟ್ಟು ಹೇಳಿದಳು: "ಸಂತೆ ದಿನ ಮಾತ್ರ ಬ್ಯಾಡ ಕಣಪ್ಪ."