ಒಲೆ ಒಂದೇ, ಮಡಕೆ ಆರು

ಅಕ್ಕದೀರಾ, ಹೊಗೆಸೊಪ್ಪಿನ ರೇಟು ನೋಡವ ಅಂತ ಲ್ಯಾಪ್‌ಟಾಪಲ್ಲಿ ಪೇಪರ್ ತೆಗೆದ್ರೆ, ನಮ್ಮ ಹಾರನಹಳ್ಳಿಲಿ ಪುಟ ಬರೋಷ್ಟ್ರಲ್ಲಿ ಅನ್ನ ಬೆಂದೋಯ್ತದೆ. ಅದಕ್ಕೆ ನನ್ನ ಮಗ ‘ಸ್ಪೀಡ್ ಮಾಡ್ತವೆ’ ಅಂತ ಕ್ರೋಮ್‌ಗೆ ಆರು ಎಕ್ಸ್‌ಟೆನ್ಶನ್ ಹಾಕ್ಬುಟ್ಟ. ಇನ್ನೂ ನಿಧಾನ ಆಯ್ತು ಕನ್ರವ್ವಾ! ಆಗ್ದೆ ಇನ್ನೇನು, ಒಂದೊಂದೂ ಮೆಮೊರಿ ತಿಂತದೆ.

ಅದೂ ಅಲ್ದೆ, ಇಂಥವು ಬಹಳಷ್ಟು ‘ಎಲ್ಲಾ ವೆಬ್‌ಸೈಟಲ್ಲೂ ನಿಮ್ಮ ಡೇಟಾ ಓದಿ ಬದಲಾಯಿಸ್ತೀವಿ’ ಅಂತ ಒಪ್ಪಿಗೆ ಕೇಳ್ತವೆ. ಬ್ಯಾಂಕಿನ ಪುಟವೂ ಅದರಲ್ಲೇ ಬಂತಲ್ಲ! ‘ದಿ ಗ್ರೇಟ್ ಸಸ್ಪೆಂಡರ್’ ಒಳ್ಳೇದೇ ಆಗಿತ್ತು. 2020ರಲ್ಲಿ ಬೇರೆಯವರ ಕೈಗೆ ಹೋಯ್ತು. 2021ರ ಫೆಬ್ರವರಿಲಿ, ಒಳಗೆ ಮಾಲ್‌ವೇರ್ ಅದೆ ಅಂತ ಗೂಗಲ್ಲೇ ಕಿತ್ತಾಕ್ತು.

ಪೇಪರ್ ಪುಟಕ್ಕೆ ಭಾರ ಜಾಹೀರಾತಿಂದು. ಅದನ್ನ ತಡೆಯಕ್ಕೆ ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಒಂದೇ ಸಾಕು. ಆಂಡ್ರಾಯ್ಡ್ ಮೊಬೈಲಿಗೂ ಸಿಕ್ತದೆ, ಕಾಸಿಲ್ಲ. ಮಿಕ್ಕಿದ್ದೆಲ್ಲ ಇವತ್ತೇ ತೆಗೆದಾಕಿ. ಗುರುತಿಲ್ಲದೋರ ಕೈಗೆ ಮನೆ ಬೀಗದಕೈ ಕೊಟ್ಟೀರಾ?