ಹೆಜ್ಜೆ ಸಿಕ್ಕಿತು, ಹಾಡು ಸಿಕ್ಕಲಿಲ್ಲ

ಕಳೆದ ಬೇಸಗೆಯ ರಜದಲ್ಲಿ ವಿಯೆನ್ನಾ ನಗರಕ್ಕೆ ಹೋಗಿಬಂದೆ. ತಂಗಿಯ ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಕನ್ನಡ ಮೇಷ್ಟ್ರೊಬ್ಬನಿಗೆ ಯೂರೋಪು ನೋಡುವ ಭಾಗ್ಯ ಅವನ ದೆಸೆಯಿಂದ ಒದಗಿತು. "ಮಾವ, ನಿಮಗೆ ಸಂಗೀತದ ಹುಚ್ಚು. ಮೊಜಾರ್ಟ್ ಓಡಾಡಿದ ಬೀದಿಗಳನ್ನು ತೋರಿಸುವವರಿದ್ದಾರೆ, ಹೋಗಿಬನ್ನಿ" ಎಂದು ಅವನೇ ಹಣ ಕಟ್ಟಿ ಕಳುಹಿಸಿದ. ಎರಡು ಗಂಟೆ ನಡೆದೆ. ಊರಿಗೆ ಬಂದಮೇಲೆ ಗೆಳೆಯರೆಲ್ಲ "ಧನ್ಯರಾದಿರಿ" ಎಂದರು. ಧನ್ಯನಾದೆನೆ? ಆಗಲಿಲ್ಲವೆಂಬುದೇ ನನ್ನ ವಾದ. ಮಾತು ಕಟುವಾದರೆ ವಾಚಕರು ಮನ್ನಿಸಬೇಕು.

ನಮ್ಮ ತಂಡದಲ್ಲಿ ಇಪ್ಪತ್ತು ಮಂದಿ. ಮುಂದೆ ಪುಟ್ಟ ಬಾವುಟ ಹಿಡಿದ ಮಾರ್ಗದರ್ಶಕಿ. ಸಂತ ಸ್ಟೀಫನನ ದೊಡ್ಡ ಇಗರ್ಜಿಯ ಎದುರಿಗೆ ನೆರೆದೆವು. ಅಲ್ಲಿ ಬಿಳಿಯ ಕೃತಕ ಕೂದಲು, ಕೆಂಪು ನಿಲುವಂಗಿ ತೊಟ್ಟ ಹತ್ತಾರು ಮೊಜಾರ್ಟರು ಬಿಸಿಲಿನಲ್ಲಿ ಬೆವರುತ್ತ ಸಂಜೆಯ ಕಚೇರಿಗಳಿಗೆ ಟಿಕೀಟು ಮಾರುತ್ತಿದ್ದರು. 1782ರ ಆಗಸ್ಟ್ 4ರಂದು ಮೊಜಾರ್ಟ್ ಕಾನ್‌ಸ್ಟಾನ್ಸೆಯನ್ನು ಕೈಹಿಡಿದದ್ದು ಈ ಇಗರ್ಜಿಯಲ್ಲೇ ಎಂದು ತಿಳಿಸಿದರು. ಅಲ್ಲಿಂದ ಡೋಮ್‌ಗಾಸ್ಸೆ 5ನೆಯ ನಂಬರಿನ ಮನೆ. 1784ರಿಂದ 1787ರವರೆಗೆ ಆತ ಅಲ್ಲಿದ್ದ. 'ಫಿಗರೋನ ಮದುವೆ' ರಚಿಸಿದ್ದು ಅಲ್ಲಿ. ವಿಯೆನ್ನಾದಲ್ಲಿ ಆತ ವಾಸಿಸಿದ ಮನೆಗಳಲ್ಲಿ ಇಂದಿಗೆ ಉಳಿದಿರುವುದು ಅದೊಂದೇ. ಮುಂದೆ ರೌಹೆನ್‌ಸ್ಟೈನ್‌ಗಾಸ್ಸೆ. 1791ರ ಡಿಸೆಂಬರ್ 5ರಂದು ಆತ ಕಣ್ಣುಮುಚ್ಚಿದ ಮನೆ ಅಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನು ಕೆಡವಿದರು. ಈಗ ಅಲ್ಲಿ ದೊಡ್ಡದೊಂದು ಅಂಗಡಿ, ಗೋಡೆಗೊಂದು ಫಲಕ. ಕೊನೆಗೆ ಉದ್ಯಾನದಲ್ಲಿ 1896ರ ಅಮೃತಶಿಲೆಯ ಪ್ರತಿಮೆ. ಅದರ ಮುಂದೆ ಹುಲ್ಲಿನಲ್ಲಿ ಕೆಂಪು ಹೂಗಿಡಗಳಿಂದ ಪಾಶ್ಚಾತ್ಯ ಸ್ವರಲಿಪಿಯ ಒಂದು ಚಿಹ್ನೆಯನ್ನು ಬಿಡಿಸಿದ್ದಾರೆ.

ಎರಡು ಗಂಟೆಯಲ್ಲಿ ನನಗೆ ದೊರೆತ ಸಂಗೀತ ಆ ಹೂವಿನ ಚಿಹ್ನೆಯೊಂದೇ! ಮದುವೆಮನೆಗೆ ಕರೆದು, ಚಪ್ಪರ ತೋರಿಸಿ, ಅಡುಗೆಯ ಒಲೆ ತೋರಿಸಿ, ಎಲೆ ಹಾಕದೆ ಕಳುಹಿಸಿದಂತಾಯಿತು. ನಮ್ಮೆಲ್ಲರ ಕಿವಿಗೂ ಮಾರ್ಗದರ್ಶಕಿಯ ಮಾತು ಕೇಳುವ ಯಂತ್ರ ಸಿಕ್ಕಿಸಿದ್ದರು. ಅದರಲ್ಲಿ ಆಕೆಯ ದನಿ ಬರುವುದಾದರೆ ಎರಡು ನಿಮಿಷದ ಪಿಯಾನೋ ಏಕೆ ಬರಬಾರದು? ಕವಿಯ ಊರಿಗೆ ಹೋದವನು ಪದ್ಯ ಕೇಳದೆ ಬಂದರೆ ಮನೆಗೆ ಬಂದು ಪುಸ್ತಕ ತೆರೆದಾನು. ಸ್ವರಲಿಪಿ ಓದಲಾರದ ನನ್ನಂಥವನಿಗೆ ನುಡಿಸುವವರು ಬೇಕು, ಇಲ್ಲವೆ ಕೇಳಿಸುವವರು ಬೇಕು.

ಆದರೆ ನನ್ನ ಜಗಳ ಇದಕ್ಕಿಂತ ಆಳವಾದದ್ದು. ದಾರಿಯುದ್ದಕ್ಕೂ ನಮಗೆ ಹೇಳಿದ ಕಥೆ ಇದು: ಪಾಪ, ಮಹಾ ಪ್ರತಿಭಾವಂತ, ಬಡವನಾಗಿಯೇ ಬಾಳಿ, ಯಾರೂ ಗುರುತಿಸದೆ ಸತ್ತು, ಭಿಕಾರಿಗಳ ಗುಂಡಿ ಸೇರಿದ. ಕೇಳಿದವರು ನಿಟ್ಟುಸಿರು ಬಿಟ್ಟರು. ಒಬ್ಬ ಮಹಾತಾಯಿ ಕಣ್ಣೊರೆಸಿಕೊಂಡರು. ಕಥೆ ಸೊಗಸಾಗಿದೆ, ನಿಜವಲ್ಲ. ಸಾಲ್ಸ್‌ಬರ್ಗಿನಲ್ಲಿ ಆರ್ಗನ್ ನುಡಿಸುವ ಚಾಕರಿಗೆ ಆತನಿಗಿದ್ದ ವಾರ್ಷಿಕ ಸಂಬಳ 450 ಗುಲ್ಡನ್. ಡೋಮ್‌ಗಾಸ್ಸೆಯ ಮನೆಗೆ ಆತ ಕೊಡುತ್ತಿದ್ದ ವರ್ಷದ ಬಾಡಿಗೆಯೇ 460! 1785ರಲ್ಲಿ ಆ ಮನೆಗೆ ಬಂದ ಹೈಡನ್, ನನಗೆ ತಿಳಿದ ಸಂಗೀತಗಾರರಲ್ಲಿ ನಿಮ್ಮ ಮಗನೇ ಹಿರಿಯನೆಂದು ತಂದೆಯ ಎದುರಿಗೇ ಹೊಗಳಿದ. 1787ರ ಕೊನೆಯಿಂದ ಚಕ್ರವರ್ತಿಯ ಆಸ್ಥಾನದ 800 ಗುಲ್ಡನ್ ವೇತನ ಬರುತ್ತಿತ್ತು. ಇನ್ನು ಸಮಾಧಿ: ಚಕ್ರವರ್ತಿ ಎರಡನೆಯ ಯೋಸೆಫನ ಕಟ್ಟಳೆಯ ಕಾಲದಲ್ಲಿ ಊರಿನ ಸಾಮಾನ್ಯ ಗೃಹಸ್ಥರನ್ನು ಹೂಳುತ್ತಿದ್ದುದೇ ಹಾಗೆ, ಆಡಂಬರವಿಲ್ಲದೆ, ಹೆಸರಿನ ಕಲ್ಲಿಲ್ಲದೆ. ಸಂತ ಮಾರ್ಕ್ಸನ ಸ್ಮಶಾನದಲ್ಲಿ ಆತನ ಜಾಗ ಖಚಿತವಾಗಿ ತಿಳಿಯದಿರುವುದಕ್ಕೆ ಕಾರಣ ಆ ಪದ್ಧತಿ, ತಿರುಪೆಯಲ್ಲ.

ಹಾಗಾದರೆ ಕಷ್ಟವೇ ಇರಲಿಲ್ಲವೆ? ಇತ್ತು. ಅದನ್ನೇ ಹೇಳಬೇಕಾಗಿತ್ತು, ಹೇಳಲಿಲ್ಲ. 1784ರ ಮಾರ್ಚ್ ತಿಂಗಳಲ್ಲಿ ಮೊಜಾರ್ಟ್ ಮುಂಗಡ ಚಂದಾ ಪಡೆದು ಮೂರು ಕಚೇರಿಗಳನ್ನು ಏರ್ಪಡಿಸಿದ. ಚಂದಾದಾರರ ಪಟ್ಟಿಯನ್ನು ಹೆಮ್ಮೆಯಿಂದ ತಂದೆಗೆ ಬರೆದು ಕಳುಹಿಸಿದ: 174 ಹೆಸರು. ಐದು ವರ್ಷ ಕಳೆಯಿತು. 1789ರ ಜುಲೈನಲ್ಲಿ ಮತ್ತೆ ಪಟ್ಟಿಯನ್ನು ಮನೆಮನೆಗೆ ಕಳುಹಿಸಿದ. ಹದಿನಾಲ್ಕು ದಿನ ತಿರುಗಿಬಂದ ಆ ಕಾಗದದಲ್ಲಿ ಇದ್ದದ್ದು ಒಂದೇ ಹೆಸರು, ಆಸ್ಥಾನದ ಗ್ರಂಥಭಂಡಾರದ ಮುಖ್ಯಸ್ಥ ಫಾನ್ ಸ್ವೀಟನ್ನನದು. ನಡುವೆ ಆದದ್ದೇನು? 1788ರಲ್ಲಿ ಆಸ್ಟ್ರಿಯ ತುರ್ಕರ ಮೇಲೆ ಯುದ್ಧಕ್ಕೆ ಹೋಯಿತು. ಶ್ರೀಮಂತರು ಕೆಲವರು ರಣರಂಗಕ್ಕೆ, ಕೆಲವರು ತಮ್ಮ ಜಹಗೀರುಗಳಿಗೆ ಹೊರಟರು. ಉಳಿದವರು ಕೈ ಬಿಗಿಹಿಡಿದರು. ಆತನ ಖರ್ಚೂ ದುಬಾರಿಯಾಗಿತ್ತು, ಹೆಂಡತಿಗೆ ಕಾಯಿಲೆ. ಜವಳಿ ವರ್ತಕ ಮಿತ್ರ ಪುಖ್‌ಬೆರ್ಗನಿಗೆ ಸಾಲ ಬೇಡುವ ಕಾಗದಗಳು ಈ ವರ್ಷಗಳವು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: 174, 1. ಆತನ ಪ್ರತಿಭೆ ಕುಗ್ಗಿರಲಿಲ್ಲ. ಆತನನ್ನು ಬಲ್ಲವರಿಗೂ ಬರವಿರಲಿಲ್ಲ. ಕೇಳುವವರು ಬರಲಿಲ್ಲ, ಅಷ್ಟೆ. "ಯಾರೂ ಗುರುತಿಸಲಿಲ್ಲ" ಎಂಬ ಕಥೆ ನಮಗೆ ಹಿತ. ಆ ಕುರುಡರ ಕಾಲದಲ್ಲಿ ನಾವಿದ್ದಿದ್ದರೆ ಗುರುತಿಸುತ್ತಿದ್ದೆವು ಎಂದು ಒಳಗೊಳಗೇ ಬೀಗಬಹುದು. ಪಟ್ಟಿಯ ಕಥೆ ಅಷ್ಟು ಹಿತವಲ್ಲ. ಅದು ನೇರವಾಗಿ ನಮ್ಮ ಮುಖಕ್ಕೇ ಹಿಡಿದ ಪ್ರಶ್ನೆ: ನಿನ್ನ ಹೆಸರು ಯಾವ ಪಟ್ಟಿಯಲ್ಲಿದೆ? ಅದನ್ನು ಕೇಳಿದರೆ ಪ್ರವಾಸಿ ಮಿಠಾಯಿ ಕೊಳ್ಳುವನೆ? ಅಂದಹಾಗೆ ಆತನ ಹೆಸರಿನ ಮಿಠಾಯಿಯನ್ನು ಸಾಲ್ಸ್‌ಬರ್ಗಿನ ಪೌಲ್ ಫ್ಯೂರ್ಸ್ಟ್ ಎಂಬಾತ ಮಾಡಿದ್ದು 1890ರಲ್ಲಿ. ಆತ ಸತ್ತು ಆಗಲೇ ಸುಮಾರು ನೂರು ವರ್ಷವಾಗಿತ್ತು.

ಇದಕ್ಕೆ ಎದುರು ಮಾತು ಇಲ್ಲದಿಲ್ಲ. "ಸ್ವಾಮಿ, ಎರಡು ಗಂಟೆಯ ಸುತ್ತಾಟದಲ್ಲಿ ವಿದ್ವತ್ತು ಕೇಳಿದರೆ ಹೇಗೆ? ಮೊಜಾರ್ಟ್ ಯಾರೆಂದೇ ಅರಿಯದವರೂ ಆ ಹೆಸರನ್ನು ತಿಳಿದು ಹೋಗುತ್ತಾರಲ್ಲ, ಪ್ರವಾಸಿಗರ ಹಣದಿಂದ ಹಳೆಯ ಮನೆ ಉಳಿದಿದೆಯಲ್ಲ" ಎನ್ನುವರು. ಹಣದ ಮಾತು ನಿಜ, ಒಪ್ಪಿದೆ. ಆ ಊರಿನ ಮಾರ್ಗದರ್ಶಕರು ಪರೀಕ್ಷೆ ಕೊಟ್ಟು ಪರವಾನಗಿ ಪಡೆದವರು, ನಮ್ಮಾಕೆಯೂ ತಿಳಿದವರೇ. ನಾನು ಬಿಡುವಿನಲ್ಲಿ ಪಟ್ಟಿಯ ಮಾತೆತ್ತಿದಾಗ, "ಗೊತ್ತಿದೆ, ಅದನ್ನು ಹೇಳಿದರೆ ಜನಕ್ಕೆ ರುಚಿಸುವುದಿಲ್ಲ" ಎಂದು ನಕ್ಕರು. ತಿಳಿಯದೆ ಬಿಟ್ಟದ್ದಾದರೆ ಕ್ಷಮಿಸಬಹುದು. ರುಚಿಸದೆಂದು ಬಿಟ್ಟದ್ದನ್ನು ಹೇಗೆ ಕ್ಷಮಿಸಲಿ? ನಾನೂ ಪಾಠ ಹೇಳುವವನು. ಹುಡುಗರಿಗೆ ರುಚಿಸದೆಂದು ಪದ್ಯವನ್ನು ಬಿಟ್ಟು ಕವಿಯ ಊರು, ಕಾಲ, ಬಿರುದುಗಳನ್ನಷ್ಟೆ ಹೇಳಿ ಗಂಟೆ ಹೊಡೆಸಿಕೊಂಡ ದಿನಗಳು ನನಗೂ ಉಂಟು. ಅದರ ಫಲ ಏನೆಂದು ನನಗೆ ಗೊತ್ತು.

ಜೀವಂತ ಸಂಗೀತಗಾರನಿಗೆ ಕೇಳುಗ ಏನು ಮಾಡಬಹುದು ಎಂಬುದಕ್ಕೆ ನಿದರ್ಶನ ನಮ್ಮ ನಾಡಿನಲ್ಲೇ ಇದೆ. ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತರಚಕ ವೃದ್ಧಾಪ್ಯದಲ್ಲಿ ಮರೆಯಾಗುತ್ತಿದ್ದಾಗ, ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಹಣ ಕೊಟ್ಟು, ಆತನೇ ಪಿಯಾನೋ ನುಡಿಸಿ ತನ್ನ ಕೃತಿಗಳನ್ನು ಧ್ವನಿಮುದ್ರಿಕೆಯಲ್ಲಿ ಉಳಿಸುವಂತೆ ಮಾಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡ. ಆ ನುಡಿಸಾಣಿಕೆ ಇಂದಿಗೂ ಕೇಳಲು ಸಿಕ್ಕುತ್ತದೆ. ಎಲ್ಲರೂ ಮಹಾರಾಜರಾಗಲಾರರು, ನಿಜ. ಆದರೆ 174 ಹೆಸರಿನ ಪಟ್ಟಿಯಲ್ಲಿ ಒಂದು ಹೆಸರಾಗಲು ಮಹಾರಾಜನಾಗಬೇಕಿಲ್ಲ.

ನಾನು ಕೇಳುವುದು ಹೆಚ್ಚಿನದಲ್ಲ. ನಿಲ್ಲಿಸಿದ ಪ್ರತಿಯೊಂದು ಕಡೆಯೂ ಆ ಜಾಗಕ್ಕೆ ಸಂಬಂಧಪಟ್ಟ ಎರಡು ನಿಮಿಷದ ಸಂಗೀತ ಕೇಳಿಸಲಿ. ಭಿಕಾರಿಯ ಕಥೆ ಬಿಟ್ಟು ಪಟ್ಟಿಯ ಕಥೆ ಹೇಳಲಿ. ಸುತ್ತಾಟವನ್ನು ಮಿಠಾಯಿ ಅಂಗಡಿಯಲ್ಲಿ ಮುಗಿಸದೆ ಕಚೇರಿಯ ಬಾಗಿಲಲ್ಲಿ ಮುಗಿಸಲಿ. ವಿಯೆನ್ನಾದ ಸರ್ಕಾರಿ ಸಂಗೀತನಾಟಕ ಶಾಲೆಯಲ್ಲಿ ನಿಂತು ಕೇಳುವವರಿಗೆ ಅಗ್ಗದ ಟಿಕೀಟು ಉಂಟು. ಅದರ ಮುಂದೆಯೇ ಹಾದುಹೋದೆವು. ಆ ಮಾತನ್ನು ಯಾರೂ ಎತ್ತಲಿಲ್ಲ.

ಕೊನೆಗೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಅಗ್ಗದ ಟಿಕೀಟಿನ ವಿಚಾರ ನನಗೆ ತಿಳಿದದ್ದು ಮನೆಗೆ ಹಿಂತಿರುಗಿದ ಮೇಲೆ, ತಂಗಿಯ ಮಗನ ಬಾಯಿಂದ. "ಇನ್ನೂ ಹೊತ್ತಿದೆ ಮಾವ, ಹೋಗೋಣವೆ?" ಎಂದ. ಕಾಲು ನೋಯುತ್ತಿತ್ತು. ನಾಳೆ ನೋಡೋಣ ಎಂದು ಮಲಗಿದೆ. ಮರುದಿನ ಸಂಜೆ ವಿಮಾನ ಹತ್ತಿದೆ, ಕೈಯಲ್ಲಿ ಮಿಠಾಯಿಯ ಡಬ್ಬಿ ಹಿಡಿದು.